ಮೈಕ್ ರೌಫ್ ಮತ್ತು ಬೊಗಸೆ ನೀರಿನ ಮಾತು

ರೌಫ್ ತೀರಿಕೊಂಡ ದಿನ ಅವನ ಲಗೇಜ್ ಆಟೊ ದುರ್ಗದ ಮನೆಯ ಮುಂದೆ ನಿಂತೇ ಇತ್ತು. ತಲೆಯ ಮೇಲಿನ ಎರಡು ಹಾರ್ನುಗಳಲ್ಲಿ ಒಂದು ರಸ್ತೆಯ ಕಡೆಗೆ, ಇನ್ನೊಂದು ಅಡುಗೆಮನೆಯ ಕಿಟಕಿಯ ಕಡೆಗೆ ತಿರುಗಿತ್ತು. ಹಾಗೆ ತಿರುಗಿಸಿಡುವುದು ಅವನ ರೂಢಿ. ಒಂದು ಊರಿಗೆ, ಒಂದು ಮನೆಗೆ ಎನ್ನುತ್ತಿದ್ದ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಈ ನಾಲ್ಕೂ ಕಡೆಯಿಂದ ಜನ ಬಂದಿದ್ದರು. ಎಲ್ಲರೂ ಒಳಗೆ ಹೋಗುವ ಮುಂಚೆ ಒಮ್ಮೆ ಆ ಹಾರ್ನುಗಳ ಕಡೆ ನೋಡಿದರು. ಈಗೇನೋ ಕೂಗುತ್ತದೆ ಎಂಬಂತೆ ನೋಡಿದರು. ಕೂಗಲಿಲ್ಲ.

ಅವನದು ಪ್ರಚಾರದ ಕೆಲಸ. ಕುರಿಗಳ ಲಸಿಕೆ, ಸೀರೆ ಮಾರಾಟ, ನಲ್ಲಿಗೆ ನೀರು ಬಾರದ ದಿನ, ಕಣ್ಣಿನ ತಪಾಸಣೆ, ಚುನಾವಣೆ, ಸಾವು, ಯಾವುದಾದರೂ ಸರಿ ಅವನು ಊರೂರು ತಿರುಗಿ ಸಾರುತ್ತಿದ್ದ. ಅವನ ಹಿರಿಯರು ಇನ್ನೂರೈವತ್ತು ವರ್ಷದ ಹಿಂದೆ ದುರ್ಗಕ್ಕೆ ಬಂದವರು. ಕೋಟೆಯಲ್ಲಿ ನಗಾರಿ ಬಾರಿಸುತ್ತಿದ್ದರೆಂದು ಅಜ್ಜ ಹೇಳುತ್ತಿದ್ದನಂತೆ. ಪುರಾವೆ ಏನಾದರೂ ಉಂಟೇ ಎಂದು ಕೇಳಿದರೆ ರೌಫ್ ತನ್ನ ಗಂಟಲನ್ನು ಮುಟ್ಟಿ ತೋರಿಸುತ್ತಿದ್ದ. ಹಾಗೆಂದು ಅದು ಇಂಪಾದ ಗಂಟಲೇನಲ್ಲ, ಸ್ವಲ್ಪ ಗೊಗ್ಗರು. ಆದರೆ ಅವನು ಕೂಗಿದರೆ ಸೀರೆ ಮಾರಾಟವೂ ಈಗಷ್ಟೇ ರಾಜ್ಯ ಗೆದ್ದ ಸುದ್ದಿಯಂತೆ ಕೇಳುತ್ತಿತ್ತು. ಏಕೆಂದರೆ ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು.

ಅವನ ಕೆಲಸದ ಕ್ರಮ ಒಂದಿತ್ತು. ಬರೆದು ಕೊಟ್ಟದ್ದನ್ನು ಇದ್ದ ಹಾಗೆ ಅವನು ಎಂದೂ ಕೂಗಿದವನಲ್ಲ. ಮೊದಲು ಅಡುಗೆಮನೆಗೆ ಹೋಗಿ ಹೆಂಡತಿ ಜೈಬುನ್ನೀಸಾಗೆ ಓದಿ ಹೇಳುತ್ತಿದ್ದ. ಮನೆಯ ಮಾತು ಉರ್ದು. ಅವಳ ಕನ್ನಡ ಸಂತೆಯಲ್ಲಿ ಕಲಿತ ಕನ್ನಡ. ಅವಳಿಗೆ ಅರ್ಥವಾದರೆ ನಾಲ್ಕು ತಾಲ್ಲೂಕಿಗೂ ಅರ್ಥವಾಯಿತೆಂದು ಅವನ ಲೆಕ್ಕ. ಅವಳು ತಲೆಯಾಡಿಸಿದರೆ ಆಟೊ ಹೊರಡುತ್ತಿತ್ತು, ಇಲ್ಲದಿದ್ದರೆ ಮಾತು ಬದಲಾಗುತ್ತಿತ್ತು.

ಹಿಂದೊಂದು ವರ್ಷ ಶಿವರಾತ್ರಿ ಕಳೆದ ಮೇಲೆ ಹಿರಿಯೂರಿನಲ್ಲಿ ವಕೀಲರ ಬಳಗವೊಂದು ಭಾನುವಾರದ ಸಭೆ ಇಟ್ಟುಕೊಂಡಿತು. ಕಾನೂನು ಪಾಠ ಹೇಳುವ ಪಲ್ಲವಿ ಎಂಬ ಮೇಡಂ ಮಾತಾಡುವವರಿದ್ದರು. ಕೂಗಬೇಕಾದ ಸಾಲು ಹೀಗಿತ್ತು: "ಅಂತರರಾಷ್ಟ್ರೀಯ ಒಪ್ಪಂದಗಳು ರಾಷ್ಟ್ರದ ಸಂವಿಧಾನದತ್ತ ಹಕ್ಕುಗಳನ್ನು ಅತಿಕ್ರಮಿಸಬಹುದೇ? ಸಾರ್ವಜನಿಕ ಸಂವಾದ."

ಜೈಬುನ್ನೀಸಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಎರಡು ಸಲ ಓದಿಸಿದಳು.

"ಇದ್ರಲ್ಲಿ ನಂಗೆ ಗೊತ್ತಾಗಿದ್ದು ಸಾರ್ವಜನಿಕ ಒಂದೇ" ಎಂದಳು. "ಸಾರ್ವಜನಿಕ ಆಸ್ಪತ್ರೆ ಐತಲ್ಲ, ಅದು."

ರೌಫ್ ಪಲ್ಲವಿ ಮೇಡಂಗೆ ಫೋನ್ ಮಾಡಿ ಏನಿದರ ಅರ್ಥ ಎಂದು ಕೇಳಿದ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ದೆಹಲಿಯ ಸರ್ಕಾರ ಬೇರೆ ದೇಶಗಳ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ರೈತ ತಾನು ಬೆಳೆದ ಬೀಜವನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬಾರದು ಎಂದು ಅದರಲ್ಲಿದೆ ಎಂದಿಟ್ಟುಕೊಳ್ಳಿ. ಸಂವಿಧಾನ ಇಲ್ಲಿಯ ಜನಕ್ಕೆ ಬದುಕುವ, ದುಡಿಯುವ ಹಕ್ಕು ಕೊಟ್ಟಿದೆ. ಹೊರಗೆ ಹಾಕಿದ ಸಹಿ ಒಳಗಿನ ಆ ಹಕ್ಕನ್ನು ಕಿತ್ತುಕೊಳ್ಳಬಹುದೇ? ಇದು ಪ್ರಶ್ನೆ.

ಅವನು ಅದನ್ನು ಹೆಂಡತಿಗೆ ಒಪ್ಪಿಸಿದ. ಅವಳು ಚಾಕು ಎತ್ತಿ ಅವನ ಕಡೆ ತೋರಿಸಿದಳು. "ಅಂದ್ರೆ ನೀವು ಹೊರಗೆ ಯಾರಿಗೋ ಮಾತು ಕೊಟ್ಟು ಬಂದು, ನಂಗೆ ಅಡುಗೆಮನೆ ಬಿಟ್ಟು ಆಚೆ ನಡಿ ಅಂದಂಗೆ."

"ಹೂಂ, ಹಂಗೇ."

"ಹಂಗಾದ್ರೆ ಹಂಗೇ ಕೂಗಿ."

ಇಷ್ಟು ದೊಡ್ಡ ವಿಷಯ ಇಷ್ಟು ಚಿಕ್ಕದಾಗಿ ಕೈಗೆ ಬಂದಿತ್ತು. ಆಟೊ ಹತ್ತುವ ಮೊದಲೇ ಸಾಲು ತಯಾರಾಗಿತ್ತು. "ಮಹಾಜನಗಳೇ, ಯಜಮಾನ ಹೊರಗಿನೋರ ಜೊತೆ ಕರಾರು ಮಾಡ್ಕಂಡು ಬಂದ್ರೆ ಒಳಗಿನೋರ ಹಕ್ಕು ಉಳಿತೈತಾ, ಹೋಗ್ತೈತಾ? ಭಾನುವಾರ ಹಿರಿಯೂರಿಗೆ ಬರ್ರಿ. ತೀರ್ಮಾನ ಅಲ್ಲೇ ಆಗ್ತೈತೆ." ತೀರ್ಮಾನ ಎಂಬ ಮಾತು ವಕೀಲರು ಕೊಟ್ಟದ್ದಲ್ಲ. ತೀರ್ಮಾನ ಇಲ್ಲದ ಸಭೆಗೆ ಯಾರು ಬರುತ್ತಾರೆ ಎಂದು ಅವನೇ ಸೇರಿಸಿದ್ದು.

ದುರ್ಗದ ಓಣಿಗಳಲ್ಲಿ, ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಅದು ಚೆನ್ನಾಗಿಯೇ ಓಡಿತು. ಪೇಟೆಯಲ್ಲಿ ಯಜಮಾನ ಎಂದರೆ ಮನೆಯ ಗಂಡಸು. ಹೆಂಗಸರು ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟು ನಕ್ಕರು. ಹೊಸದುರ್ಗದಲ್ಲಿ ಒಬ್ಬಾಕೆ, ನಮ್ಮ ಯಜಮಾನರನ್ನೂ ಕಟ್ಟಿ ಎಳೆದು ತರ್ತೀವಿ ಸಾಬ್ರೇ, ಎಂದು ಮಹಡಿಯಿಂದಲೇ ಕೂಗಿ ಹೇಳಿದಳು. ರೌಫ್‌ಗೆ ಹುರುಪು ಏರಿತು. ಅದೇ ಹುರುಪಿನಲ್ಲಿ ಮಾಡದಕೆರೆಯ ಕಡೆಗೆ ಹೊರಟ. ದಾರಿಯಲ್ಲಿ ಗೊಲ್ಲರ ಹಟ್ಟಿಯೊಂದು ಸಿಕ್ಕಿತು. ಕುರಿ ಕಾಯುವವರ ಊರು. ಅಲ್ಲೂ ಆಟೊ ನಿಧಾನ ಮಾಡಿ ಕೂಗಿದ.

ಯಾರೂ ನಗಲಿಲ್ಲ. ಮಕ್ಕಳು ಆಟೊ ಹಿಂದೆ ಓಡಲಿಲ್ಲ. ಜಗಲಿಯ ಮೇಲಿದ್ದ ಗಂಡಸರು ಎದ್ದು ನಿಂತರು. ಊರು ದಾಟುವಲ್ಲಿ ಕುರಿಗಳು ರಸ್ತೆಯ ಅಡ್ಡ ನಿಂತಿದ್ದವು, ಅವುಗಳ ನಡುವೆ ಕಂಬಳಿ ಹೊದ್ದ ಒಬ್ಬ ಮುದುಕಿ. ಅವಳ ಹೆಸರು ಜುಂಜಮ್ಮ ಎಂದು ರೌಫ್‌ಗೆ ಗೊತ್ತಾದದ್ದು ಆಮೇಲೆ.

"ಇನ್ನೊಂದ್ಸಲ ಕೂಗ್ರಿ ಸಾಬ್ರೇ" ಎಂದಳು.

ಕೂಗಿದ.

"ಹೆಂಗಸ್ರು ಬರಬೌದಾ?"

"ಹೆಂಗಸ್ರೇ ಮೊದ್ಲು ಬರ್ಬೇಕವ್ವ."

"ಕುರಿ?"

ಅವನು ತಮಾಷೆ ಎಂದುಕೊಂಡ. ಕುರಿಗೂ ಹಕ್ಕೈತೆ, ಕರ್ಕಂಡು ಬರ್ರಿ ಎಂದುಬಿಟ್ಟ. ಅವಳು ನಗದೆ, ನಾಲಗೆಯಿಂದ ಒಂದು ಸದ್ದು ಮಾಡಿದಳು. ಕುರಿಗಳು ಎರಡು ಭಾಗವಾಗಿ ದಾರಿ ಬಿಟ್ಟವು.

ಮಾಡದಕೆರೆಯಲ್ಲಿ ಚಹಾ ಅಂಗಡಿಯ ಬೋರಣ್ಣ ಲೋಟ ಕೈಗಿಡುತ್ತ ಕೇಳಿದ. "ಏನ್ ಸಾಬ್ರೇ, ಕಾಟಲಿಂಗಪ್ಪನ ಮ್ಯಾಲೆ ಮೈಕ್ ಕಟ್ಕಂಡು ಹೊಂಟೀರಂತೆ?"

ಆ ಹೆಸರು ರೌಫ್ ಕೇಳಿರಲಿಲ್ಲ. ಬೋರಣ್ಣ ಹಲ್ಲು ಕಿರಿದ. "ಹಟ್ಟಿಗೆ ಇರೋನು ಒಬ್ನೇ ಯಜಮಾನ ಕಣ್ರೀ. ಅವನು ಹೊರಗಿನೋರ ಜೊತೆ ಮಾಡಿರೋದು ಒಂದೇ ಕರಾರು. ನೀವು ಅದನ್ನೇ ಹಟ್ಟಿ ಮುಂದೆ ನಿಂತು ಕೂಗಿ, ಭಾನುವಾರ ತೀರ್ಮಾನ ಅಂದ್ರಿ. ಫೋನ್ ಮ್ಯಾಲೆ ಫೋನ್ ಬಂದೈತೆ ನಂಗೆ."

ಲೋಟ ಕೈಯಲ್ಲೇ ಆರಿತು. ಅಡುಗೆಮನೆಯಲ್ಲಿ ಗಂಡ ಎಂದಾಗಿದ್ದ ಪದ ಹಟ್ಟಿಯಲ್ಲಿ ಹಿರಿಯ ಎಂದಾಗಿತ್ತು. ಸುದ್ದಿಯ ಉಳಿದ ಭಾಗವನ್ನು ಬೋರಣ್ಣ ಹೇಳಿದ. ಹಟ್ಟಿಗೆ ಒಂದು ಕಟ್ಟೆಯಿದೆ, ಮಳೆ ನೀರು ನಿಲ್ಲುವ ಸಣ್ಣ ಕೆರೆ. ಪಕ್ಕದ ಊರಿನ ತೆಂಗಿನ ತೋಟಗಳ ಬಾವಿಗಳಿಗೆ ಆ ನೀರೇ ಇಂಗಿ ಇಳಿಯಬೇಕು. ತೋಟದವರ ಮುಖಂಡ ಜಂಪಣ್ಣ, ಹಟ್ಟಿಗೆ ಲಾರಿ ಬರುವಷ್ಟು ದಾರಿಯನ್ನು ತೋಟದೊಳಗೆ ಬಿಟ್ಟುಕೊಡುತ್ತೇವೆ, ಬೇಸಿಗೆಯಲ್ಲಿ ಕುರಿ ಕಟ್ಟೆಗೆ ಇಳಿಯಕೂಡದು ಎಂದ. ಕಾಟಲಿಂಗಪ್ಪ ಸಹಿ ಹಾಕಿದ. ಹಟ್ಟಿಯವರೆಲ್ಲ ಒಪ್ಪಿದರು. ಬೇಸಿಗೆಯಲ್ಲಿ ಅವರ ಮಂದೆಗಳು ಹೇಗೂ ಹಸಿರು ಹುಡುಕಿಕೊಂಡು ದೂರ ಹೋಗಿರುತ್ತವೆ. ಉಳಿಯುವವಳು ಜುಂಜಮ್ಮ ಒಬ್ಬಳು. ಈಯುವ ಕುರಿ, ಈದ ಕುರಿ, ನಡೆಯಲಾರದ ಮರಿ, ಇವನ್ನೆಲ್ಲ ಅವಳು ಹಿಂದೆ ಉಳಿದು ಸಾಕುತ್ತಾಳೆ. ಅವಕ್ಕೆ ಆ ಕಟ್ಟೆ ಬಿಟ್ಟರೆ ನಡೆದು ಮುಟ್ಟುವಷ್ಟು ಹತ್ತಿರ ಬೇರೆ ನೀರಿಲ್ಲ. ಕಟ್ಟೆಗೆ ಬೇಲಿ ಬೀಳುವುದು ಸೋಮವಾರ.

ತಪ್ಪು ಕೂಗಿದರೆ ಅದೇ ದಾರಿಯಲ್ಲಿ ಹೋಗಿ ಅದೇ ಹಾರ್ನಿನಿಂದ ತಿದ್ದಬೇಕು ಎಂಬುದು ರೌಫ್‌ನ ಕಟ್ಟುಪಾಡು. ಆಟೊ ತಿರುಗಿಸಿದ.

ಕಾಟಲಿಂಗಪ್ಪ ಜಗಲಿಯ ಮೇಲಿದ್ದ. ಎತ್ತರದ ಆಳು, ಬಿಳಿ ರುಮಾಲು. ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ, "ಬರ್ರಿ, ಕುಂತ್ಕಳ್ರಿ" ಎಂಬ ಸ್ವಾಗತ ಸಿಕ್ಕಿತು. ಮಜ್ಜಿಗೆ ಬಂತು. ಕುಡಿಯುವ ತನಕ ಕಾದು ಯಜಮಾನ ಹೇಳಿದ. ತನಗೆ ಸಿಟ್ಟಿಲ್ಲ. ಆದರೆ ಕಾಟಲಿಂಗಪ್ಪನ ಕರಾರು ಕರಾರೇ, ಅದರ ಮೇಲೆ ತೀರ್ಮಾನ ಇಲ್ಲ ಎಂದು ಈಗ ಇಲ್ಲೇ ಕೂಗಬೇಕು.

ರೌಫ್ ಮೈಕ್ ಕೈಗೆತ್ತಿಕೊಂಡ. ಜುಂಜಮ್ಮ ಅಷ್ಟರಲ್ಲಿ ಬಂದು ಆಟೊಗೆ ಕೈಯೂರಿ ನಿಂತಿದ್ದಳು.

"ಬೊಗಸೆ ನೀರು ಕುಡಿದದ್ದು ಮರ್ತ್ಯಾ ಅಣ್ಣಯ್ಯ?"

ಏನದು ಎಂದು ರೌಫ್ ಕೇಳಿದ. ಅವಳೇ ಹೇಳಿದಳು. ಆ ಹಟ್ಟಿಯಲ್ಲಿ ಹೊಸ ಯಜಮಾನನಾಗುವವನು ಮೊದಲು ಕಟ್ಟೆಗೆ ಇಳಿಯಬೇಕು. ಬೊಗಸೆಯಲ್ಲಿ ನೀರು ಹಿಡಿದು, "ಈ ನೀರಿಗೆ ಬಂದ ಬಾಯಿ ತಡಿಯಾಕಿಲ್ಲ" ಎಂದು ಹೇಳಿ ಕುಡಿಯಬೇಕು. ಕಟ್ಟೆ ತೋಡಿದವರು ಇಟ್ಟ ಮಾತು ಅದು.

"ಅದು ಶಾಸ್ತ್ರ ಕಣವ್ವ" ಎಂದ ಕಾಟಲಿಂಗಪ್ಪ. "ಇದು ಛಾಪಾ ಕಾಗದ."

ರೌಫ್ ಮೈಕಿನ ಗುಂಡಿ ಒತ್ತಿದ. ಹಟ್ಟಿ ಕಿವಿಗೊಟ್ಟಿತು. "ಮಹಾಜನಗಳೇ, ನಾನು ಕೂಗಿದ್ದು ಡೆಲ್ಲಿ ವಿಷಯ. ನಿಮ್ಮ ಕಟ್ಟೆ ವಿಷಯ ನಂಗೆ ಗೊತ್ತಿರ್ಲಿಲ್ಲ, ಅಷ್ಟರ ಮಟ್ಟಿಗೆ ತಪ್ಪಾಯ್ತು." ಕಾಟಲಿಂಗಪ್ಪ ತಲೆದೂಗಿದ. ರೌಫ್ ಮೈಕ್ ಕೆಳಗಿಡಲಿಲ್ಲ. "ಆದ್ರೆ ಭಾನುವಾರ ಬರಬ್ಯಾಡ್ರಿ ಅಂತ ನಾನು ಹೇಳಾಕಿಲ್ಲ."

ಯಜಮಾನ ಎದ್ದ. ಒಂದು ಗಳಿಗೆ ಏನಾಗುತ್ತದೋ ಎಂದು ಎಲ್ಲರೂ ಹಿಂದೆ ಸರಿದರು. ಅವನು ಆಟೊದವರೆಗೆ ನಡೆದು ಬಂದು ತಣ್ಣಗೆ ಹೇಳಿದ. ತಾನೂ ಬರುತ್ತೇನೆ. ಕರಾರೇ ದೊಡ್ಡದು ಎಂದು ಆ ಮೇಡಂ ಹೇಳಿದರೆ, ಸಾಬ್ರು ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಅದನ್ನೇ ಎರಡೂ ಊರಿಗೆ ಕೇಳುವಂತೆ ಕೂಗಬೇಕು.

"ಇಲ್ಲ ಅಂದ್ರೆ?" ಎಂದಳು ಜುಂಜಮ್ಮ.

"ಇಲ್ಲ ಅಂದ್ರೆ ಅದನ್ನೂ ಇವರೇ ಕೂಗ್ಲಿ." ರೌಫ್ ಆಗಲಿ ಎಂದು ಮಾತು ಕೊಟ್ಟ.

ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿಗಳ ಹಿಂದೆ ಇರುವ ಸಣ್ಣ ಸಭಾಂಗಣ ಅದು. ವಕೀಲರು ತಮ್ಮವರೇ ಒಂದಷ್ಟು ಜನ ಸೇರಬಹುದೆಂದು ಕುರ್ಚಿ ಹಾಕಿಸಿದ್ದರು. ಭಾನುವಾರ ಎರಡು ಟೆಂಪೊ ತುಂಬ ಕಂಬಳಿಗಳು ಬಂದಿಳಿದವು. ಹಿಂದೆಯೇ ಜಂಪಣ್ಣನ ಊರಿನವರು ಬೈಕುಗಳಲ್ಲಿ ಬಂದರು. ಹೊಸದುರ್ಗದ ಮಹಡಿಯ ಹೆಂಗಸು ನಿಜವಾಗಿಯೂ ಗಂಡನನ್ನು ಕರೆದುಕೊಂಡು ಬಂದಿದ್ದಳು. ಕೊನೆಗೆ ಜುಂಜಮ್ಮ ಇಳಿದಳು. ಕಂಕುಳಲ್ಲಿ ಒಂದು ಮರಿ, ಹಿಂದೆ ಅದರ ತಾಯಿ. ಕುರಿಗೂ ಹಕ್ಕೈತೆ ಅಂದೋರು ನೀವೇ ಅಲ್ವಾ, ಹಿಡ್ಕಳ್ರಿ ಎಂದು ಮರಿಯನ್ನು ರೌಫ್‌ನ ಕೈಗಿಟ್ಟು ಒಳಗೆ ಹೋದಳು. ತಾಯಿಕುರಿಯನ್ನು ಆಟೊಗೆ ಕಟ್ಟಿ, ಮರಿಯನ್ನು ಎದೆಗವಚಿಕೊಂಡು ಅವನು ಬಾಗಿಲಲ್ಲಿ ನಿಂತ. ಅವನ ಎದೆ ಹೊಡೆದುಕೊಳ್ಳುತ್ತಿತ್ತೋ, ಮರಿಯದೋ, ತಿಳಿಯುವಂತಿರಲಿಲ್ಲ.

ಪಲ್ಲವಿ ಮೇಡಂ ಮಾತು ಆರಂಭಿಸುವ ಮೊದಲೇ ಯಾರೋ ಕಟ್ಟೆಯ ಬೇಲಿ ಎಂದರು. ಅವರಿಗೆ ತಲೆಬುಡ ತಿಳಿಯಲಿಲ್ಲ. ರೌಫ್ ಮುಂದೆ ಹೋಗಿ, ಕೈಯಲ್ಲಿ ಮರಿ ಇರುವಂತೆಯೇ, ಹೆಂಡತಿಗೆ ಓದಿ ಹೇಳಿದ್ದರಿಂದ ಹಿಡಿದು ತನ್ನ ಎಡವಟ್ಟನ್ನೆಲ್ಲ ಎಲ್ಲರ ಮುಂದೆ ಹೇಳಿಕೊಂಡ. ಯಜಮಾನ ಎಂಬ ಒಂದು ಪದದ ಮೇಲೆ ಇಷ್ಟು ಜನ ಬಂದಿದ್ದಾರೆ ಎಂದು ತಿಳಿದಾಗ ಮೇಡಂ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮ ಕಟ್ಟೆಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ, ದೇಶದ್ದು ನಾನು ಹೇಳುತ್ತೇನೆ, ನಿಮ್ಮದನ್ನು ನೀವು ನೋಡಿಕೊಳ್ಳಿ ಎಂದರು.

ಅವರು ಹೇಳಿದ್ದನ್ನು ರೌಫ್ ಆಮೇಲೆ ಎಷ್ಟು ಸಲ ಎಷ್ಟು ಜನಕ್ಕೆ ಹೇಳಿದನೋ. ನಮ್ಮ ದೇಶದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಜನರ ಹಕ್ಕನ್ನು ಕಿತ್ತುಕೊಳ್ಳುವ ಕಾನೂನು ಹುಟ್ಟುವುದಿಲ್ಲ. ಅದಕ್ಕೆ ಸಂಸತ್ತು ಬೇರೆ ಕಾನೂನು ಮಾಡಬೇಕು. ಆ ಕಾನೂನು ಕೂಡ ಮೂಲಭೂತ ಹಕ್ಕಿಗೆ ತಗುಲಿದರೆ ಕೋರ್ಟು ಅದನ್ನು ಹೊಡೆದು ಹಾಕಬಹುದು. ಬಂಗಾಳದ ಗಡಿಯ ಒಂದು ತುಂಡು ನೆಲವನ್ನು ನೆರೆಯ ದೇಶಕ್ಕೆ ಕೊಡುತ್ತೇವೆಂದು ಹಿಂದೆ ಒಪ್ಪಂದವಾದಾಗ, ಬರೀ ಸಹಿ ಸಾಲದು, ಸಂವಿಧಾನವನ್ನೇ ತಿದ್ದಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ಹೊರಗಿನ ಒಪ್ಪಂದವೆಲ್ಲ ಕೆಟ್ಟದ್ದಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಕಿರುಕುಳವಾದರೆ ಕೇಳಲು ಇಲ್ಲಿ ಕಾನೂನೇ ಇಲ್ಲದಿದ್ದಾಗ, ಕೋರ್ಟು ಅಂಥದೇ ಒಂದು ಒಪ್ಪಂದವನ್ನು ಆಧಾರವಾಗಿ ಹಿಡಿದು ರಕ್ಷಣೆ ಕೊಟ್ಟಿತು. ಹಕ್ಕಿಗೆ ಕೂಡಿಸುವಾಗ ಹೊರಗಿನ ಮಾತು ಬಾಗಿಲು ದಾಟಿ ಒಳಗೆ ಬಂದದ್ದುಂಟು. ಕಳೆಯಲು ಬಂದರೆ ಬಾಗಿಲಲ್ಲಿ ಸಂವಿಧಾನ ನಿಂತಿರುತ್ತದೆ.

ಜಮೀರ್ ಎಂಬ ಹಿರಿಯ ವಕೀಲರು ಇನ್ನೊಂದು ಕಡೆಯನ್ನು ಎತ್ತಿ ಹಿಡಿದರು. ಸಹಿ ಹಾಕಿ ಬಂದು, ನಮ್ಮ ಮನೆಯಲ್ಲಿ ಒಪ್ಪಲಿಲ್ಲ ಎಂದರೆ ಹೊರಗಿನವರು ಅದನ್ನು ಕೇಳುವುದಿಲ್ಲ. ಮಾತು ಮುರಿದ ದೇಶವನ್ನು ನಾಳೆ ಯಾರು ನಂಬುತ್ತಾರೆ? ಒಪ್ಪಂದಗಳನ್ನು ಗೌರವಿಸಿ ಎಂದು ನಮ್ಮ ಸಂವಿಧಾನವೇ ಹೇಳಿದೆ. ಜಂಪಣ್ಣನ ಕಡೆಯವರು ಜೋರಾಗಿ ಚಪ್ಪಾಳೆ ಹೊಡೆದರು. ಸಭೆ ಎರಡು ಪಾಲಾಗಿ ಗುಜುಗುಜು ಎದ್ದಿತು. ಹೊರಗೆ ತಾಯಿಕುರಿ ಅರಚಿತು, ಒಳಗಿಂದ ಮರಿ ಉತ್ತರ ಕೊಟ್ಟಿತು.

ಆಗ ಕಾಟಲಿಂಗಪ್ಪ ಎದ್ದು ನಿಂತ. ಗದ್ದಲ ತಾನಾಗಿ ಇಳಿಯಿತು.

"ಮೇಡಮ್ಮೋರೇ, ಒಂದು ಕೇಳ್ತೀನಿ. ಸಹಿ ಹಾಕೋ ಅಧಿಕಾರ ಡೆಲ್ಲಿಯೋರಿಗೆ ಕೊಟ್ಟೋರು ಯಾರು?"

"ಸಂವಿಧಾನ" ಎಂದರು ಪಲ್ಲವಿ.

ಅವನು ಕುಳಿತುಕೊಂಡ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಅವುಗಳನ್ನೇ ನೋಡಿದ. ರೌಫ್ ಬಾಗಿಲಿನಿಂದ ನೋಡುತ್ತಿದ್ದ. ಆ ಕೈಗಳು ಮೆಲ್ಲಗೆ ಒಂದಕ್ಕೊಂದು ಸೇರಿ ಬೊಗಸೆಯಾದವು. ಕಾಟಲಿಂಗಪ್ಪ ಮತ್ತೆ ಎದ್ದ. ಈ ಸಲ ಜುಂಜಮ್ಮನ ಕಡೆ ತಿರುಗಿ ಮಾತಾಡಿದ.

"ನೀರು ಕುಡಿದ ಮ್ಯಾಲೆ ನಂಗೆ ರುಮಾಲು ಕಟ್ಟಿದ್ರು. ರುಮಾಲು ಕಟ್ಟಿದ ಮ್ಯಾಲೆ ನಾನು ಸಹಿ ಹಾಕಿದ್ದು. ಆ ನೀರು ಇಲ್ದಿದ್ರೆ ನನ್ನ ಸಹಿ ಯಾರಿಗೆ ಬೇಕಿತ್ತು?"

ಅವನೇ ಮುಂದುವರಿಸಿದ. ತಡೆಯುವುದಿಲ್ಲ ಎಂದು ಹೇಳಿ ಯಜಮಾನನಾದವನಿಗೆ ತಡೆಯುತ್ತೇನೆ ಎಂದು ಬರೆದು ಕೊಡುವ ಅಧಿಕಾರ ಇರಲಿಲ್ಲ. ಹಟ್ಟಿಯವರೆಲ್ಲ ಒಪ್ಪಿದ್ದಾರೆ ಎಂದೂ ಹೇಳುವಂತಿಲ್ಲ, ಒಪ್ಪಿದವರ ಕುರಿ ಬೇಸಿಗೆಯಲ್ಲಿ ಇಲ್ಲಿ ಇರುವುದೇ ಇಲ್ಲ. ಆದರೆ ಜಂಪಣ್ಣನಿಗೂ ಬಾಯಿ ತುಂಬ ಮಾತು ಕೊಟ್ಟಾಗಿದೆ. ಅದನ್ನು ಏನು ಮಾಡಲಿ ಎಂದು ಅವನು ಜಮೀರ್ ವಕೀಲರನ್ನೇ ಕೇಳಿದ. ಅವರು ಸ್ವಲ್ಪ ಯೋಚಿಸಿ, ಆ ಮಾತಿನ ಹೊಣೆ ನಿಮ್ಮದೇ, ಅವರ ಹತ್ತಿರ ಹೋಗಿ ತಿದ್ದಿಸಿಕೊಳ್ಳಿ, ಆದರೆ ಅದರ ಬೆಲೆಯನ್ನು ಈಯಮ್ಮನಿಂದ ವಸೂಲಿ ಮಾಡಬೇಡಿ ಎಂದರು.

"ಹೋಗಾಣ ನಡೀರಿ" ಎಂದ ಕಾಟಲಿಂಗಪ್ಪ.

ಜಂಪಣ್ಣ ಅಲ್ಲೇ ಹಿಂದಿನ ಸಾಲಿನಲ್ಲಿದ್ದ. ಅವನಿಗೆ ಸಿಟ್ಟು ಬಂದಿತ್ತು, ನ್ಯಾಯವಾದ ಸಿಟ್ಟೇ. ದಾರಿಗಾಗಿ ಫಲ ಬಿಡುತ್ತಿದ್ದ ತೆಂಗುಗಳನ್ನು ಕಡಿಸಿದ್ದ. ತೆಂಗಿನ ಮಂಡಿಯ ನೆರಳಿನಲ್ಲಿ ಮಾತು ಏರಿತು, ಇಳಿಯಿತು, ಮತ್ತೆ ಏರಿತು. ಅದು ನಿಂತದ್ದು ಜುಂಜಮ್ಮ ಎದ್ದು ಬಂದಾಗ. ಅವಳು ಮರಿಯನ್ನು ರೌಫ್‌ನ ಕೈಯಿಂದ ತೆಗೆದು ಜಂಪಣ್ಣನ ಕೈಗೆ ಕೊಟ್ಟಳು. ಇದು ಎಷ್ಟು ಕುಡಿತೈತೆ ಹೇಳಪ್ಪ, ನಿನ್ನ ಯಾವ ಬಾವಿ ಬತ್ತತೈತೆ ಎಂದಳು. ಮರಿ ಅವನ ಬೆರಳು ಚೀಪತೊಡಗಿತು. ಜಂಪಣ್ಣ ಕೊಡವಿಕೊಳ್ಳಲೂ ಆಗದೆ, ಸುಮ್ಮನಿರಲೂ ಆಗದೆ ನಿಂತ. ಕೊನೆಗೆ, ಈದ ಕುರಿ, ಈಯುವ ಕುರಿ, ಮರಿ, ಇವಕ್ಕೆ ಕಟ್ಟೆ ಬೇಸಿಗೆಯಲ್ಲೂ ತೆರೆದಿರಲಿ, ಉಳಿದ ಮಂದೆ ಬೇಡ ಎಂದ. ದಾರಿ ಹಾಗೇ ಉಳಿಯಿತು. ಬೊಗಸೆ ನೀರಿನ ಮಾತಿಗೆ ಇನ್ನೂ ಪೂರ್ತಿ ನ್ಯಾಯ ಸಿಗಲಿಲ್ಲ ಎಂದು ರೌಫ್ ಹಟ್ಟಿಯವರು ಟೆಂಪೊ ಹತ್ತುವ ತನಕ ವಾದಿಸಿದ. ಜುಂಜಮ್ಮನೇ ಅವನ ಬಾಯಿ ಮುಚ್ಚಿಸಿದಳು. ಬೇಸಿಗೆಯಲ್ಲಿ ತಡೆಯಲು ಬೇರೆ ಬಾಯಿ ಅಲ್ಲಿ ಇರುವುದೇ ಇಲ್ಲ, ಇದ್ದ ದಿನ ಮತ್ತೆ ಮೈಕ್ ಕಟ್ಟಿಕೊಂಡು ಬನ್ನಿ ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

"ನಿಮ್ಮನೆಯೋರಿಗೆ ಓದಿ ಹೇಳೋದು ಸರಿ ಸಾಬ್ರೇ. ಈ ಕಡೆ ಬರೋವಾಗ ನಂಗೂ ಒಂದ್ಸಲ ಓದಿ ಹೇಳ್ರಿ."

ಅವನು ಅದನ್ನು ತಪ್ಪದೆ ಪಾಲಿಸಿದ. ಲಸಿಕೆಯೋ, ಸೀರೆಯೋ, ಮಾಡದಕೆರೆಯ ಕಡೆ ಹೊರಟರೆ ಕಟ್ಟೆಯ ಬಳಿ ಆಟೊ ನಿಲ್ಲಿಸಿ ಅವಳಿಗೆ ಓದಿ ತೋರಿಸಿಯೇ ಮುಂದೆ ಹೋಗುತ್ತಿದ್ದ. ಅವನು ತೀರಿಕೊಂಡ ದಿನ ಅವಳು ದುರ್ಗಕ್ಕೆ ಬಂದು ಜೈಬುನ್ನೀಸಾಳ ಪಕ್ಕ ಅಡುಗೆಮನೆಯಲ್ಲೇ ಕುಳಿತಳು. ಅವನ ಮಾತನ್ನು ಮೊದಲು ಪರೀಕ್ಷಿಸುತ್ತಿದ್ದ ಎರಡೂ ಕಿವಿಗಳು ಆ ದಿನ ಒಂದೇ ಕಡೆ ಇದ್ದವು, ಓದಿ ಹೇಳುವವನು ಇರಲಿಲ್ಲ. ಅವನನ್ನು ಪ್ರೀತಿಸಿದವರಿಗೆ ಆ ನೋಟವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಅದಕ್ಕೇ ಅವರು ಅವನನ್ನು ನೆನೆಯಬೇಕಾದಾಗಲೆಲ್ಲ ಆ ಸೋಮವಾರದ ಬೆಳಿಗ್ಗೆಗೆ ಹೋಗುತ್ತಾರೆ.

ಆ ಬೆಳಿಗ್ಗೆ ಬೇಲಿಯ ಕಂಬಗಳು ಕಟ್ಟೆಯ ದಡದ ಮೇಲೆ ಅಡ್ಡ ಬಿದ್ದಿದ್ದವು. ಅವುಗಳಿಗೆ ಕೆಲಸವಿರಲಿಲ್ಲ. ಹಟ್ಟಿಯವರು ಇತ್ತ, ತೋಟದವರು ಅತ್ತ. ರೌಫ್ ಕೊಟ್ಟ ಮಾತಿನಂತೆ ಆಟೊವನ್ನು ಏರಿಯ ಮೇಲೆ ಹತ್ತಿಸಿ, ಒಂದು ಹಾರ್ನನ್ನು ಹಟ್ಟಿಗೂ ಇನ್ನೊಂದನ್ನು ತೋಟಗಳಿಗೂ ತಿರುಗಿಸಿದ. ಹಿಂದಿನ ರಾತ್ರಿಯೆಲ್ಲ ಮನಸ್ಸಿನಲ್ಲೇ ಸಾಲು ಕಟ್ಟಿದ್ದ. ಜೈಬುನ್ನೀಸಾ ತಲೆಯಾಡಿಸಿದ್ದಳು. ಗುಂಡಿ ಒತ್ತಿ ಬಾಯಿ ತೆರೆದ. ಆಗಲೇ ಜುಂಜಮ್ಮನ ಕುರಿಗಳು ನೀರಿಗಿಳಿದವು. ಕಟ್ಟಿದ್ದ ಸಾಲನ್ನು ಅವನು ಕೂಗದೇ ಬಿಟ್ಟ.

ಅವನು ಮೈಕಿನ ವೈರು ಎಳೆದುಕೊಂಡು ಕೆಳಗಿಳಿದ. ಪಂಚೆ ನೆನೆಯುತ್ತಿದ್ದಂತೆ ನೀರಿನಂಚಿಗೆ ಮಂಡಿಯೂರಿ, ಮೈಕನ್ನು ಒಂದು ಕುರಿಯ ಬಾಯಿಯ ಹತ್ತಿರ ಹಿಡಿದ. ಅದು ಕುಡಿಯುವ ಸದ್ದು ಎರಡು ಹಾರ್ನುಗಳಿಂದ ಹೊರಟು ಹಟ್ಟಿಯ ಮೇಲೆ, ತೆಂಗಿನ ತೋಟಗಳ ಮೇಲೆ ಹಬ್ಬಿತು. ಚಪ್ ಚಪ್ ಎಂದು ಒಂದು ಕುರಿ ಕುಡಿದರೆ ಬೆಟ್ಟವೇ ಕುಡಿದಂತೆ ಕೇಳಿಸಿತು. ಕಾಟಲಿಂಗಪ್ಪ ರುಮಾಲು ಸರಿಪಡಿಸಿಕೊಳ್ಳುವ ನೆಪದಲ್ಲಿ ನಗುತ್ತಿದ್ದ. ಮರಿಯೂ ತಾಯಿಯ ಪಕ್ಕ ಮೂತಿ ಇಟ್ಟಿತು.

ತೋಟದ ಕಡೆಯಿಂದ ಜಂಪಣ್ಣನ ದನಿ ಬಂತು.

"ಕೇಳಿಸ್ತು ಸಾಬ್ರೇ. ಕುಡೀಲಿ ಬಿಡ್ರಿ."